ಕುಬಸದ ಸೀಡಿಗೆ ಇಟ್ಟ ಬೊಟ್ಟು

ಕೊಲ್ಹಾರದಿಂದ ಅವ್ವನ ತಂಗಿ ಚಿಗವ್ವ ಬಂದಾಗ ಅವಳ ಕೈಚೀಲದಲ್ಲಿ ಎರಡು ಸ್ಟೀಲ್ ಡಬ್ಬಿಗಳಿದ್ದವು. ಒಂದರಲ್ಲಿ ಶೇಂಗಾ ಹೋಳಿಗೆ, ಇನ್ನೊಂದರಲ್ಲಿ ಮನೆಯ ಕಾರ್ಯಗಳ ಹಳೆಯ ವಿಡಿಯೊ ಸೀಡಿಗಳು. ನಾನು ಮೊದಲು ತೆರೆದದ್ದು ಸೀಡಿಗಳದ್ದನ್ನು. ನನ್ನ ಮುಖ ಇಳಿದದ್ದನ್ನು ಅವಳು ನೋಡಿದಳು.

"ಹೋಳಿಗಿ ಆಮ್ಯಾಲ. ಮೊದಲ ನಿಮ್ಮವ್ವನ ಹಾಡು ಹುಡುಕಿ ಕೊಡು" ಅಂದಳು.

ಸಂಗತಿ ಇಷ್ಟು. ಚಿಗವ್ವನ ಮೊಮ್ಮಗಳಿಗೆ ಬರುವ ಶುಕ್ರವಾರ ಕುಬಸ. ಚೊಚ್ಚಲ ಬಸುರಿಗೆ ಹಸಿರು ಸೀರೆ ಉಡಿಸಿ, ಉಡಿ ತುಂಬಿ, ಹಾಡು ಹೇಳುವ ದಿನ. ಈ ಹುಡುಗಿ ಇನ್ನೂ ತಾಯಿಯ ಹೊಟ್ಟೆಯಲ್ಲಿದ್ದಾಗ ನಡೆದ ಕುಬಸದಲ್ಲಿ ನಮ್ಮವ್ವ ಒಂದು ಹಾಡು ಹೇಳಿದ್ದಳು. ನೆಂಟರನ್ನೆಲ್ಲ ಒಬ್ಬೊಬ್ಬರಾಗಿ ಕಾಡಿಸುವ, ತಾನೇ ಕಟ್ಟಿದ ಹಾಡು. ಯಾರೂ ಬರೆದುಕೊಂಡಿರಲಿಲ್ಲ. ಚಿಗವ್ವನಿಗೆ ನೆನಪಿದ್ದದ್ದು ಹಾಡಿನ ಮೊದಲ ಮೂರೇ ನುಡಿ. ಅವ್ವ ತೀರಿಕೊಂಡು ಆರು ವರ್ಷ. ಮುಂದಿನ ನುಡಿಗಳು ಉಳಿದಿದ್ದರೆ ಆ ದಿನ ತೆಗೆಸಿದ ಸೀಡಿಯಲ್ಲಿ ಮಾತ್ರ. ಅಕ್ಕನ ಹಾಡನ್ನು ಬೀಗರ ಎದುರು ಅರ್ಧಕ್ಕೆ ನಿಲ್ಲಿಸುವುದು ಚಿಗವ್ವನಿಗೆ ಬೇಡವಾಗಿತ್ತು. ನನಗಂತೂ ಅವ್ವನ ದನಿ ಬೇಕಾಗಿತ್ತು. ಅದನ್ನು ಬಾಯಿಬಿಟ್ಟು ಹೇಳಲಿಲ್ಲ, ಅಷ್ಟೆ.

ನಾನು ಸಿಂದಗಿಯಲ್ಲಿ ಗಣಿತ ಕಲಿಸುವವಳು. ಕಂಪ್ಯೂಟರ್ ಗೊತ್ತು ಎಂಬ ಸೊಕ್ಕು ಸ್ವಲ್ಪ ಹೆಚ್ಚೇ. ಐದೇ ಸೀಡಿಗಳಿದ್ದರೂ ಕೈಯಿಂದ ಕಾಪಿ ಮಾಡುವುದು ನನ್ನ ಘನತೆಗೆ ಕಡಿಮೆ ಎನಿಸಿ, ಹಳೆಯ ಸೀಡಿಗಳ ನಕಲು ತೆಗೆದಿಡುವ ಪುಕ್ಕಟೆ ತಂತ್ರಾಂಶವೊಂದನ್ನೂ ಅದನ್ನು ನಡೆಸಲು ಯಾರೋ ಪುಣ್ಯಾತ್ಮ ಬರೆದಿಟ್ಟ ಬ್ಯಾಚ್ ಫೈಲನ್ನೂ ಇಳಿಸಿಕೊಂಡೆ. ಬ್ಯಾಚ್ ಫೈಲ್ ಎಂದರೆ ಅತ್ತೆ ಊರಿಗೆ ಹೊರಟಾಗ ಹೊಸ ಸೊಸೆಗೆ ಹೇಳಿಹೋಗುವ ಕೆಲಸಗಳ ಪಟ್ಟಿ ಇದ್ದಂತೆ: ಸೀಡಿ ಓದು, ನಕಲು ಮಾಡು, ಆಗದಿದ್ದರೆ ಮೂರು ಸಲ ನೋಡು, ಹೊರಗೆ ತಳ್ಳು, ಮುಂದಿನದನ್ನು ಕೇಳು. ಸೊಸೆ ಹೇಳಿದಷ್ಟನ್ನೇ ಮಾಡುತ್ತಾಳೆ, ಸ್ವಂತ ಬುದ್ಧಿ ಓಡಿಸುವುದಿಲ್ಲ.

ಚಾಲೂ ಮಾಡಿದೆ. ಕಪ್ಪು ಪರದೆಯ ಮೇಲೆ ಅಕ್ಷರಗಳು ಸರಸರ ಓಡಿ, ಕೆಲಸ ಯಶಸ್ವಿ ಎಂದು ಬಂತು. "ನೋಡು ಚಿಗವ್ವ, ಎಷ್ಟು ಸಲೀಸ!" ಎಂದು ಬೀಗುತ್ತ ನಕಲನ್ನು ತೆರೆದರೆ ಒಂಬತ್ತನೆಯ ತರಗತಿಯ ಪ್ರಶ್ನೆಪತ್ರಿಕೆ! ಆ ಪುಣ್ಯಾತ್ಮನ ಕಂಪ್ಯೂಟರಿನಲ್ಲಿ ಸೀಡಿ ಕೂರುವುದು ಡಿ ಡ್ರೈವಿನಲ್ಲಿ. ನನ್ನದರಲ್ಲಿ ಡಿ ಎಂದರೆ ಶಾಲೆಯ ಫೈಲುಗಳಿರುವ ಜಾಗ. ಸೀಡಿ ಕೂರುವುದು ಇ ಡ್ರೈವಿನಲ್ಲಿ. ಸೊಸೆ ಪಟ್ಟಿಯಲ್ಲಿದ್ದ ಹಾಗೆ ಡಿ ಬಾಗಿಲನ್ನೇ ತೆರೆದಿದ್ದಳು.

"ನಿಮ್ಮವ್ವ ಇಷ್ಟು ಲೆಕ್ಕಾ ಹಾಡಿದ್ದಿಲ್ಲಲ್ಲವಾ" ಅಂದಳು ಚಿಗವ್ವ.

ಹಲ್ಲು ಕಚ್ಚಿ ಡಿ ಇದ್ದಲ್ಲೆಲ್ಲ ಇ ಎಂದು ತಿದ್ದಿದೆ. ಈ ಸಲ ಮದುವೆಗಳ ನಾಲ್ಕು ಸೀಡಿಗಳು ಒಂದರ ಹಿಂದೊಂದು ನಕಲಾದವು. ಪ್ರತಿ ಸೀಡಿ ಬದಲಿಸಿದಾಗ ಎಂಟರ್ ಒತ್ತುವ ಕೆಲಸವನ್ನು ಚಿಗವ್ವನಿಗೆ ಕೊಟ್ಟಿದ್ದೆ. ಅವಳು ಅದನ್ನು ಉಂಗುರಬೆರಳಿನಿಂದಲೇ ಒತ್ತುತ್ತಿದ್ದಳು, ಮುತ್ತೈದೆಗೆ ಕುಂಕುಮ ಹಚ್ಚಿದ ಹಾಗೆ.

ಕೊನೆಯದು ಕುಬಸದ್ದು. ಒಳಗೆ ಹೋಗಿ ಗರಗರ ಅಂದಿತು. ಮೂರು ಸಲ ನೋಡಿ, ಓದಲಾಗಲಿಲ್ಲ ಎಂದು ಹೊರಗೆ ಬಂತು. ತಿರುವಿ ನೋಡಿದರೆ ಹೊಳೆಯುವ ಬದಿಯಲ್ಲಿ ಅರಿಶಿಣ, ಅದರ ಮೇಲೆ ಕುಂಕುಮ. ಒಣಗಿ ಗಟ್ಟಿಯಾದ ಬೊಟ್ಟು.

ನನ್ನ ಪಿತ್ತ ನೆತ್ತಿಗೇರಿತು. "ಯಾವ ಶಾಣ್ಯಾಕಿ ಹಚ್ಯಾಳ ಇದನ್ನ? ಅದೂ ಓದೂ ಮಗ್ಗಲಕ್ಕ? ತಲಿ ಐತೋ ಇಲ್ಲೋ?"

ಚಿಗವ್ವ ನನ್ನ ಕೂಗಾಟ ಮುಗಿಯುವವರೆಗೆ ಕಾದು, "ನಿಮ್ಮವ್ವ" ಅಂದಳು.

ಒಂದು ದೀಪಾವಳಿಗೆ ಕೊಲ್ಹಾರಕ್ಕೆ ಹೋಗಿದ್ದ ಅವ್ವ ಲಕ್ಷ್ಮೀಪೂಜೆಯಲ್ಲಿ ಬಂಗಾರದ ಪಕ್ಕಕ್ಕೆ ಈ ಸೀಡಿಯನ್ನೂ ಇಡಿಸಿದ್ದಳಂತೆ. "ಇದರಾಗ ಬಸರ ಹೆಣ್ಣಮಗಳು ಕುಂತಾಳ, ಬರೀ ಹಣಿ ಬಿಡಬಾರದು ಅಂದ್ಳು. ಹೊಳಿಯೂದು ಮಾರಿ, ಹೆಸರು ಬರದದ್ದು ಬೆನ್ನು. ಬೆನ್ನಿಗೆ ಯಾರರೆ ಕುಂಕುಮ ಹಚ್ತಾರೇನು?"

ಹತ್ತಿ ಒದ್ದೆ ಮಾಡಿಕೊಂಡು ಕಿಟಕಿಯ ಬೆಳಕಿಗೆ ಸೀಡಿ ಹಿಡಿದೆ. ಬೊಟ್ಟಿನ ಅಂಚಿನ ಅರಿಶಿಣದಲ್ಲಿ ಬೆರಳಿನ ಗೆರೆಗಳು ಸಣ್ಣಗೆ, ಒಂದರ ಪಕ್ಕ ಒಂದು ಮೂಡಿದ್ದವು. ಅವ್ವನ ಬೆರಳು. ಕೈ ಮುಂದೆ ಹೋಗಲಿಲ್ಲ. ಮೊಬೈಲಿನಲ್ಲಿ ಫೋಟೊ ತೆಗೆದೆ; ಎಷ್ಟು ಸಲ ತೆಗೆದರೂ ಬರೀ ಹಳದಿ ಕಲೆ. ಇದನ್ನು ನಕಲು ಮಾಡುವ ಬ್ಯಾಚ್ ಫೈಲನ್ನು ಯಾವ ಪುಣ್ಯಾತ್ಮನೂ ಬರೆದಿರಲಿಲ್ಲ.

"ಒರಸವಾ" ಅಂದಳು ಚಿಗವ್ವ. "ಅಕಿಗೂ ಹಾಡೂದು ಬೇಕಾಗಿರ್ತೈತಿ."

ಒರೆಸಿದೆ. ಹತ್ತಿಯನ್ನು ಎಸೆಯಲಾಗದೆ ಮೇಜಿನ ಮೇಲಿಟ್ಟೆ. ಚಿಗವ್ವ ಉಂಗುರಬೆರಳಿನಿಂದ ಎಂಟರ್ ಒತ್ತಿದಳು. ಮೊದಲ ಸಲ ಆಗಲಿಲ್ಲ, ಎರಡನೆಯ ಸಲ ಆಗಲಿಲ್ಲ. ಮೂರನೆಯದಕ್ಕೆ ಓದಿತು.

ಅವ್ವ ಕೆಮ್ಮಿ ಗಂಟಲು ಸರಿಮಾಡಿಕೊಂಡು ಹಾಡಿದಳು. ನಾಲ್ಕನೆಯ ನುಡಿಯಲ್ಲಿ ಹಿಡಿದದ್ದು ಸ್ವಂತ ತಂಗಿಯನ್ನೇ: ಅವಳು ಲಟ್ಟಿಸಿದ ಹೋಳಿಗೆಗೆ ಮೂಲೆಗಳೆಷ್ಟು ಎಂದು ಎಣಿಸಿದ್ದಳು. ಚಿಗವ್ವ ನಗುತ್ತ, ಕಣ್ಣೊರೆಸಿಕೊಳ್ಳುತ್ತ, "ಇದನ್ನ ಮರತದ್ದಽ ಬೇಷಾಗಿತ್ತು" ಅಂದಳು. ಅಂದರೂ ಎಂಟು ಸಲ ಹಾಕಿಸಿ ಬಾಯಿಪಾಠ ಮಾಡಿಕೊಂಡಳು.

ನಕಲು ಭದ್ರವಾಯಿತು. ಸೀಡಿಯನ್ನು ಡಬ್ಬಿಗೆ ಹಾಕಲು ಹೊರಟ ಚಿಗವ್ವನ ಕೈಯಿಂದ ಅದನ್ನು ಇಸಿದುಕೊಂಡೆ. ದೇವರ ಮುಂದಿನ ಬಟ್ಟಲು ತಂದು, ಉಂಗುರಬೆರಳಿನಿಂದ ಅರಿಶಿಣ, ಅದರ ಮೇಲೆ ಕುಂಕುಮ, ಅದೇ ಜಾಗದಲ್ಲಿ, ಹೊಳೆಯುವ ಮಾರಿಗೇ ಹಚ್ಚಿದೆ.