ಕೈಗುಣದ ಸ್ಕೂಪು

ಔಷಧಿಗೆ ಬೇಕಾದ ರಾಸಾಯನಿಕ ತಯಾರಿಸುವ ಆ ಸಣ್ಣ ಕಾರ್ಖಾನೆಯಲ್ಲಿ ಅವನು ಎಲ್ಲರಿಗೂ ಹನಿಯಣ್ಣ. ಸೇರಿದ ಹೊಸದರಲ್ಲಿ ಅವನ ಕೆಲಸ ರಿಯಾಕ್ಟರ್ ಎಂಬ ದೊಡ್ಡ ಹಂಡೆಗೆ ಬ್ರೋಮಿನ್ ಹನಿಸುವುದು. ಅದು ಕಡುಗೆಂಪು ದ್ರವ, ಮುಚ್ಚಳ ಸಡಿಲಿಸಿದರೆ ಸಾಕು ಕಣ್ಣು ಮೂಗು ಉರಿದುಹೋಗುತ್ತದೆ. ಉಂಗುರದಂತಿರುವ ಅಣುವಿನ ಒಂದು ಗೊತ್ತಾದ ಮೂಲೆಯಲ್ಲಿ ಒಂದೇ ಒಂದು ಬ್ರೋಮಿನ್ ಕೂರಿಸಬೇಕು. ಅದೋ, ಕರೆಯದೆ ಬಂದ ನೆಂಟನ ಹಾಗೆ ಜಾಗ ಕಂಡಲ್ಲೆಲ್ಲ ಕೂರುತ್ತದೆ. ಹನಿಯಣ್ಣ ಗಂಟೆಗಟ್ಟಲೆ ನಿಂತು, ಕೆಂಪು ಮಾಯವಾಗುವವರೆಗೆ ಕಾದು, ಮುಂದಿನ ಹನಿ ಬಿಡುತ್ತಿದ್ದ. ಮೂವತ್ತೊಂದು ವರ್ಷದಲ್ಲಿ ಅವನ ಕೈಯಲ್ಲಿ ಒಂದು ಬ್ಯಾಚೂ ಕೆಟ್ಟಿರಲಿಲ್ಲ. ಇದನ್ನು ದಿನಕ್ಕೆರಡು ಸಲ ಹೇಳದಿದ್ದರೆ ಅವನಿಗೆ ಉಂಡದ್ದು ಅರಗುತ್ತಿರಲಿಲ್ಲ.

ಆಮೇಲೆ ಎನ್‌ಬಿಎಸ್ ಎಂಬ ಬಿಳಿ ಪುಡಿ ಬಂತು. ಅದರೊಳಗಿರುವುದೂ ಬ್ರೋಮಿನ್ನೇ, ಆದರೆ ಸ್ವಭಾವ ಸಾಧು. ತಣ್ಣಗಿಟ್ಟು ಸ್ವಲ್ಪಸ್ವಲ್ಪವೇ ಹಾಕಿದರೆ ಬೇಕಾದ ಮೂಲೆಗೇ ಹೋಗಿ ಕೂರುತ್ತದೆ. ಬ್ಯಾಚ್ ಶೀಟಿನ ಪ್ರಕಾರ ಹದಿನೆಂಟು ಕಿಲೋ. ಮೂರು ವರ್ಷದ ಹಿಂದೆ ಸ್ಟೋರಿನಲ್ಲಿದ್ದ ಡ್ರಮ್ಮುಗಳು ತೇವ ಹಿಡಿದು, ಪುಡಿ ಹಳದಿಗೆ ತಿರುಗಿ ಸತ್ವ ಕಳೆದುಕೊಂಡಿತು. ಹದಿನೆಂಟು ಕಿಲೋ ಸಾಲದಾಯಿತು. ಹನಿಯಣ್ಣ ಯಾರಿಗೂ ಹೇಳದೆ, ಒಂದು ಕಿಲೋ ಹಿಡಿಯುವ ಸ್ಕೂಪಿನಲ್ಲಿ ಇನ್ನೊಂದು ಸ್ಕೂಪು ಪುಡಿ ಸುರಿದ. ಬ್ಯಾಚು ಸರಿಹೋಯಿತು. ಶೀಟಿನಲ್ಲಿ ಮಾತ್ರ ಹದಿನೆಂಟೇ ಬರೆದ. ಅಂದಿನಿಂದ ಅದೇ ರೂಢಿ.

ತನ್ನ ನಾದಿನಿಯನ್ನು ಅಲ್ಲಿ ಕೆಲಸಕ್ಕೆ ಸೇರಿಸಿದವನೂ ಅವನೇ, ಕಲಿಸಿದವನೂ ಅವನೇ.

"ನೋಡಮ್ಮ, ಶೀಟು ಆಫೀಸಿನವರಿಗೆ. ಈ ಕೊನೇ ಸ್ಕೂಪು ನಮ್ಮ ಕೈಗುಣ. ಇದನ್ನ ಬರೀಬಾರದು" ಎಂದಿದ್ದ.

ನಿವೃತ್ತಿಗೆ ನಾಲ್ಕು ತಿಂಗಳಿತ್ತು. ಆಮೇಲೂ ಹೊಸಬರಿಗೆ ಕಲಿಸಲು ನೀವೇ ಇರಬೇಕು ಎಂದು ಮ್ಯಾನೇಜರ್ ಮಾತು ಕೊಟ್ಟಿದ್ದರು. ಮನೆಯಲ್ಲಿ ಕೂತರೆ ತುಕ್ಕು ಹಿಡಿಯುತ್ತೇನೆಂದು ಹೆದರುತ್ತಿದ್ದ ಹನಿಯಣ್ಣನಿಗೆ ಅದಕ್ಕಿಂತ ದೊಡ್ಡ ಆಸೆ ಬೇರೆ ಇರಲಿಲ್ಲ.

ಹಾಗಿರುವಾಗ ದವಡೆ ಹಲ್ಲು ಕೀಳಿಸಲು ಒಂದು ದಿನ ರಜೆ ಹಾಕಿದ. ಹಳೇ ಪುಡಿಯ ದಾಸ್ತಾನು ಮುಗಿದು ಅಂದೇ ಸ್ಟೋರಿನಿಂದ ಹೊಸ ಡ್ರಮ್ಮು ಬಂತು, ಬ್ಯಾಚು ನಾದಿನಿಯೊಬ್ಬಳ ಕೈಗೆ ಬಿತ್ತು. ಮರುದಿನ ಬೆಳಿಗ್ಗೆ ಅವನು ಊದಿದ ಕೆನ್ನೆಯೊಳಗೆ ಹತ್ತಿ ಒತ್ತಿಕೊಂಡು ಬಂದಾಗ, ಲ್ಯಾಬಿನಲ್ಲಿ ಕೆಮಿಸ್ಟ್ ಮೇಡಂ ಹಿಂದಿನ ದಿನದ ಬ್ಯಾಚಿನ ಹನಿ ಇಟ್ಟಿದ್ದ ಪರೀಕ್ಷೆಯ ಬಿಳಿ ಪಟ್ಟಿಯನ್ನು ದೀಪದ ಕೆಳಗೆ ಹಿಡಿದಿದ್ದರು. ಪಕ್ಕದಲ್ಲಿ ಮ್ಯಾನೇಜರ್, ಎದುರಿಗೆ ನಾದಿನಿ.

"ಒಂದು ಚುಕ್ಕೆ ಇರಬೇಕಿತ್ತು, ಎರಡಿದೆ" ಎಂದರು ಮೇಡಂ. "ಕೆಲವು ಉಂಗುರಗಳಿಗೆ ಎರಡೆರಡು ಬ್ರೋಮಿನ್ ಕೂತಿದೆ. ಪುಡಿ ಹೆಚ್ಚಾಗದೆ ಹೀಗಾಗಲ್ಲ. ಎಷ್ಟು ಹಾಕಿದ್ರಿ?"

ಹನಿಯಣ್ಣನಿಗೆ ತಕ್ಷಣ ಹೊಳೆಯಿತು. ಹೊಸ ಪುಡಿಗೆ ಹಳೇ ಸ್ಕೂಪು.

"ತೂಕದಲ್ಲಿ ನಾನೇ ತಪ್ಪಿದೆ ಮೇಡಂ" ಎಂದಳು ನಾದಿನಿ. ಭಾವನ ಕಡೆ ತಿರುಗಿಯೂ ನೋಡಲಿಲ್ಲ.

"ತೂಕ ಮಾಡೋಕೆ ಬರದವರನ್ನ ರಿಯಾಕ್ಟರ್ ಹತ್ರ ನಿಲ್ಲಿಸೋಕಾಗಲ್ಲ" ಎಂದರು ಮ್ಯಾನೇಜರ್. "ನಾಳೆಯಿಂದ ಬರೋದು ಬೇಡ."

ಹನಿಯಣ್ಣನಿಗೆ ಬಿಸಿತುಪ್ಪ ಬಾಯಲ್ಲಿಟ್ಟುಕೊಂಡಂತಾಯಿತು. ಹಲ್ಲು ಕಿತ್ತ ಬಾಯಿ, ಸುಮ್ಮನಿರಲು ಒಳ್ಳೆಯ ನೆಪ. ಸುಮ್ಮನೆ ಇದ್ದುಬಿಟ್ಟ. ಮೂವತ್ತೊಂದು ವರ್ಷದ ಬಡಾಯಿ ಆಗ ಎಲ್ಲಿ ಅಡಗಿತೋ.

ಊಟದ ಹೊತ್ತಿಗೆ ಅವಳು ಲಾಕರ್ ಖಾಲಿ ಮಾಡುತ್ತಿದ್ದಳು. ಏಪ್ರನ್ನು ಮಡಿಸಿ ಚೀಲಕ್ಕೆ ಹಾಕಿ, ಕನ್ನಡಕ ಒರೆಸಿ ಕಪಾಟಿನಲ್ಲಿಟ್ಟಳು. ಅವನು ಹತ್ತಿರ ಬಂದದ್ದು ನೋಡಿ ದನಿ ತಗ್ಗಿಸಿದಳು.

"ನಿಮಗಿನ್ನು ನಾಲ್ಕೇ ತಿಂಗಳು ಭಾವ. ಹೆಸರು ಯಾಕೆ ಕೆಡಿಸ್ಕೋತೀರಿ? ಅಕ್ಕನಿಗೂ ಹೇಳಬೇಡಿ."

ಅವನಿಗೆ ಜೀವ ಹಿಡಿಯಾಗುವಷ್ಟು ನಾಚಿಕೆಯಾಯಿತು. ಬಾಯಿಯ ಹತ್ತಿಯನ್ನು ಕಸದ ಡಬ್ಬಿಗೆ ಉಗಿದು, ನೇರ ಲ್ಯಾಬಿಗೆ ಹೋಗಿ ಎಲ್ಲವನ್ನೂ ಹೇಳಿದ. ಊದಿದ ಕೆನ್ನೆಯಿಂದ ಅರ್ಧ ಮಾತು ತೊದಲಿತು, ಆದರೂ ನಿಲ್ಲಿಸಲಿಲ್ಲ.

ಮೇಡಂ ಬಯ್ಯಲಿಲ್ಲ. "ಪುಡಿ ಸತ್ತಿದೆ ಅಂತ ಅವತ್ತೇ ಒಂದು ಮಾತು ಹೇಳಿದ್ರೆ ಡ್ರಮ್ಮು ಬದಲಾಯಿಸ್ತಿದ್ದೆ. ಮೂರು ವರ್ಷ ನನ್ನ ಶೀಟು ಸರಿಯಾಗಿದೆ ಅಂದ್ಕೊಂಡಿದ್ದೆ ಹನಿಯಣ್ಣ" ಎಂದರು. ಬೈದಿದ್ದರೇ ವಾಸಿಯಿತ್ತು.

ನಾದಿನಿಯ ಕೆಲಸ ಉಳಿಯಿತು. ಕಲಿಸುವ ಕೆಲಸದ ಮಾತನ್ನು ಮ್ಯಾನೇಜರ್ ಮತ್ತೆ ಎತ್ತಲಿಲ್ಲ, ಅವನೂ ಕೇಳಲಿಲ್ಲ.

ಮುಂದಿನ ವಾರದ ಬ್ಯಾಚನ್ನು ನಾದಿನಿಯ ಕೈಗೆ ಕೊಟ್ಟು, ಅವನನ್ನು ಜೊತೆಗೆ ಹಾಕಿದರು. ಅವಳು ತೂಗಿದಳು, ಬರೆದಳು, ಸ್ವಲ್ಪಸ್ವಲ್ಪವೇ ಸುರಿದಳು. ತೂಗಿಟ್ಟ ಹದಿನೆಂಟು ಕಿಲೋ ಮುಗಿಯಿತು. ಅಷ್ಟರಲ್ಲಿ ಹನಿಯಣ್ಣನ ಕೈ, ಅವನಿಗೇ ಗೊತ್ತಿಲ್ಲದೆ, ಡ್ರಮ್ಮಿನಿಂದ ಒಂದು ಸ್ಕೂಪು ತುಂಬಿಕೊಂಡು ಬಂದಿತ್ತು.

ಅವಳು ರಿಯಾಕ್ಟರಿನ ಬಾಯಿಗೆ ಅಂಗೈ ಅಡ್ಡ ಹಿಡಿದಳು.

"ಸಾಕು ಭಾವ" ಎಂದಳು.

ಅವನು ಪುಡಿಯನ್ನು ಡ್ರಮ್ಮಿಗೇ ಹಾಕಿ, ಮುಚ್ಚಳ ಬಿಗಿ ಮಾಡಿ, ಶೀಟಿನಲ್ಲಿ ಅವಳ ಸಹಿಯ ಕೆಳಗೆ ತನ್ನ ಸಹಿ ಹಾಕಿದ.