ಎಂಟರಿಂದ ಭಾಗಿಸಿದರೆ ಕಾಗೆ

ಆಗ ನನಗೆ ಅರುವತ್ತೊಂಬತ್ತು. ಮೂರು ವರ್ಷದ ಹಿಂದಿನ ಮಾತು. ತಂಗಿಯ ಕರುಳು ಗಂಟುಬಿದ್ದಿದೆ, ಸಂಜೆಯೊಳಗೆ ಆಪರೇಷನ್ ಆಗದಿದ್ದರೆ ಒಡೆಯುತ್ತದೆ ಎಂದು ಕಾಸರಗೋಡಿನ ಆಸ್ಪತ್ರೆಯಲ್ಲಿ ಡಾಕ್ಟರು ಹೇಳಿದ್ದರು. ಸಹಿ ಹಾಕು ಎಂದರೆ ಅವಳು ಕೈಗೆ ಕಟ್ಟಿದ ಪಟ್ಟಿಯನ್ನೇ ನೋಡುತ್ತಿದ್ದಳು. ಅದರಲ್ಲಿ ಹದಿಮೂರು ಅಂಕೆಯ ನಂಬರಿತ್ತು.

ನಮ್ಮ ಅಪ್ಪ ಮನೆ ಕಟ್ಟುವವರಿಗೆ ಪಾಯದ ಅಳತೆ ಹಾಕಿಕೊಡುತ್ತಿದ್ದರು. ಸುತ್ತಳತೆಯ ಲೆಕ್ಕವನ್ನು ಎಂಟರಿಂದ ಭಾಗಿಸಬೇಕು. ಒಂದು ಉಳಿದರೆ ಧ್ವಜ, ಮೂರು ಉಳಿದರೆ ಸಿಂಹ, ಒಳ್ಳೆಯದು. ಏನೂ ಉಳಿಯದಿದ್ದರೆ ಕಾಗೆ. ಕಾಗೆ ಬಂದರೆ ಆ ಮನೆಯಲ್ಲಿ ಸಾವು ಎಂದು ಅಪ್ಪ ಅಳತೆಯನ್ನು ಬೆರಳಷ್ಟು ಹೆಚ್ಚಿಸುತ್ತಿದ್ದರು. ನಾನು ಎರಡನೇ ಕ್ಲಾಸಿಗೆ ಶಾಲೆ ಬಿಟ್ಟವಳು, ಅದು ನನ್ನ ತಲೆಗೆ ಹತ್ತಲಿಲ್ಲ. ತಂಗಿಗೆ ಹತ್ತಿತು. ಬಸ್ಸಿನ ಟಿಕೇಟಿನ ನಂಬರನ್ನೂ ಭಾಗಿಸದೆ ಬಿಡುವವಳಲ್ಲ.

"ಕಾಗೆ, ಅಕ್ಕ," ಎಂದಳು ಕೈಯ ಪಟ್ಟಿ ತೋರಿಸಿ.

"ಇಷ್ಟುದ್ದದ ನಂಬರು. ಈ ಹೊಟ್ಟೆನೋವಿನಲ್ಲಿ ಲೆಕ್ಕ ತಪ್ಪಿರ್ತದೆ ಮಾರಾಯ್ತಿ."

ಅವಳ ಮಗಳು ಶಾಲೆಯಲ್ಲಿ ಗಣಿತ ಕಲಿಸುತ್ತಾಳೆ. ನೋಡು ಎಂದೆ. ನೋಡಿದವಳ ಮುಖ ಇಳಿಯಿತು.

"ಇಲ್ಲ ದೊಡ್ಡಮ್ಮ. ಎಷ್ಟುದ್ದ ಇದ್ದರೂ ಎಂಟಕ್ಕೆ ಕೊನೆಯ ಮೂರು ಅಂಕೆ ಸಾಕು. ಸಾವಿರ ಎಂಟರಿಂದ ಪೂರ್ತಿ ಭಾಗ ಹೋಗ್ತದೆ, ಆ ಮೂರರ ಎಡಕ್ಕೆ ಇರುವುದೆಲ್ಲ ಸಾವಿರಗಳೇ. ಕೊನೆಗೆ ಆರುನೂರ ಹದಿನಾರು ಉಂಟು. ಅದೂ ಪೂರ್ತಿ ಹೋಗ್ತದೆ." ಆಮೇಲೆ ತಾಯಿಯ ಕಡೆ ತಿರುಗಿದಳು. "ಅಂಕೆಗಳನ್ನು ಕೂಡಿಸಿ ನೋಡಿದೆ ಅಮ್ಮ, ಒಂಬತ್ತರಿಂದ ಭಾಗಿಸಿದರೆ ಐದು ಉಳಿತದೆ."

"ನಿನ್ನ ಅಜ್ಜ ಒಂಬತ್ತರಲ್ಲಿ ಯಾರ ಮನೆ ಕಟ್ಟಿಸಿದ್ದಾರೆ?"

ಬೇರೆ ನಂಬರು ಕೊಡಿ ಎಂದು ನರ್ಸಿನ ಹತ್ತಿರ ಕೇಳಿದೆ. ಕಂಪ್ಯೂಟರು ಕೊಡುವುದು ಅಮ್ಮಾ ಎಂದಳು. ತಂಗಿಯ ಹೊಟ್ಟೆ ಕಲ್ಲಿನಂತಾಗಿತ್ತು. ತುಟಿ ಕಪ್ಪಿಟ್ಟಿತ್ತು. ಆಗ ನನ್ನ ಕೊರಳಲ್ಲಿದ್ದ ಪಾಸು ಕೈಗೆ ತಾಗಿತು. ರೋಗಿಯ ಜೊತೆಗಿರುವವರಿಗೆ ಕೊಡುವುದು ಅದು. ಅಕ್ಷರ ಸರಿಯಾಗಿ ಬಾರದಿದ್ದರೂ ಅಂಕೆ ಗೊತ್ತಾಗುತ್ತದೆ. ಅದೇ ಹದಿಮೂರು ಅಂಕೆ.

ಪಾಸನ್ನು ಅವಳ ಮುಖದ ಎದುರು ಹಿಡಿದೆ. "ಈ ನಂಬರು ನನಗೂ ಉಂಟು. ಸಾಯುವುದು ನೀನೇ ಅಂತ ಕಾಗೆ ಬಂದು ಹೇಳಿತಾ?"

ತುಂಬ ಹೊತ್ತು ಓದಿದಳು. "ನೀನು ದೊಡ್ಡವಳು," ಎಂದಳು.

"ಹೌದು. ಮೊದಲು ನನ್ನ ಸರದಿ."

"ಆಮೇಲೆ ನನ್ನನ್ನು ಬೈಯಬೇಡ."

"ಸತ್ತ ಮೇಲೆ ಎಂತ ಬೈಯುವುದು? ಸಹಿ ಹಾಕು."

ಹಾಕಿದಳು. ಅವಳನ್ನು ಒಳಗೆ ದೂಡಿಕೊಂಡು ಹೋಗುವಾಗ ನನ್ನ ಕೊರಳನ್ನೇ ತಿರುಗಿ ನೋಡುತ್ತಿದ್ದಳು. ಬಾಗಿಲು ಮುಚ್ಚಿತು. ನನಗೆ ಇಂಥದ್ದರಲ್ಲಿ ನಂಬಿಕೆ ಇಲ್ಲ. ಆದರೂ ನಂಬರು ಕಾಣದ ಹಾಗೆ ಪಾಸನ್ನು ಮಗುಚಿ ಹಾಕಿಕೊಂಡೆ.

ಮರುದಿನ ಬೆಳಿಗ್ಗೆ ಅವಳು ಕಣ್ಣು ಬಿಟ್ಟಳು. ನನ್ನನ್ನು ಕಂಡವಳೇ, "ಇನ್ನೂ ಇದ್ದೀಯಲ್ಲ," ಎಂದಳು. ನಾನು ಕ್ಯಾಂಟೀನಿಗೆ ಹೋಗಿ ಚಾ, ಬನ್ಸು ತೆಗೆದುಕೊಂಡು ಹೊರಗಿನ ಕಟ್ಟೆಯಲ್ಲಿ ಕುಳಿತೆ. ಗೋಡೆಯ ಮೇಲೆ ಒಂದು ಕಾಗೆ ಬಂದು ಕುಳಿತು, ತಲೆ ಓರೆ ಮಾಡಿ ನೋಡಿತು. ಅದಕ್ಕೆ ಒಂದು ಚೂರೂ ಹಾಕಲಿಲ್ಲ. ಅದು ನೋಡುತ್ತಿದ್ದ ಹಾಗೆಯೇ ಬನ್ಸನ್ನು ಪೂರ್ತಿ ತಿಂದೆ.