ಎದುರುಮನೆಯ ಅಕ್ಕ ಹಚ್ಚಿದ ಭತ್ತ

ಮೊನ್ನೆ ಸಿಂಧನೂರು ಬಸ್ ಸ್ಟ್ಯಾಂಡಿನಿಂದ ಮನೆಗೆ ಹೊರಟಿದ್ದ ಆಟೋದಲ್ಲಿ ಯಾರೋ ನನ್ನ ಕಾಲ ಹತ್ತಿರ ನೆನೆದ ಗೋಣಿಚೀಲ ಇಟ್ಟರು. ಒಳಗೆ ಭತ್ತದ ಸಸಿ. ಗೋಣಿಯ ವಾಸನೆ, ಕಾಲುವೆ ನೀರಿನ ವಾಸನೆ, ಆಗಷ್ಟೇ ಕಿತ್ತ ಬೇರಿನ ಹಸಿ ವಾಸನೆ... ನಾನು ಸೆರಗಿನಿಂದ ಮುಖ ಮುಚ್ಚಿಕೊಂಡೆ. ವಾಸನೆ ತಡೆಯಲಾಗದೆ ಮುಚ್ಚಿಕೊಂಡಳು ಎಂದು ಪಕ್ಕದವರು ತಿಳಿದಿರಬೇಕು.

ಎಂಟೊಂಬತ್ತು ವರ್ಷದ ಹಿಂದಿನ ಮಾತು. ಆಗ ನಾನು ಇದೇ ಊರಿನ ಒಂದು ಖಾಸಗಿ ಶಾಲೆಯಲ್ಲಿ ನಾಲ್ಕನೆಯ ಇಯತ್ತೆಗೆ ಪಾಠ ಹೇಳುತ್ತಿದ್ದೆ. ನಮ್ಮ ಎದುರುಮನೆಯಲ್ಲಿ ಒಬ್ಬ ಅಕ್ಕ ಇದ್ದಳು. ಓಣಿಗೆಲ್ಲ ಅವಳು ಅಕ್ಕನೇ. ನಾಟಿ ಶುರುವಾಯಿತೆಂದರೆ ಹದಿನೈದು ಹೆಣ್ಣುಮಕ್ಕಳನ್ನು ಕಟ್ಟಿಕೊಂಡು, ಹೊತ್ತು ಮೂಡುವ ಮೊದಲೇ ಟಂಟಂ ಹತ್ತಿ ದಢೇಸುಗೂರು ಕಡೆಯ ಗದ್ದೆಗಳಿಗೆ ಹೋಗುವವಳು. ಸಂಜೆ ಬಂದು ಕಟ್ಟೆಯ ಮೇಲೆ ಕೂತು ಕಾಲ್ಬೆರಳ ಸಂದಿಗೆ ಅರಿಷಿಣ, ಎಣ್ಣೆ ಹಚ್ಚಿಕೊಳ್ಳುವಳು. ಹಾಗೆ ಕೂತಾಗಲೇ ನಾನು ಅವಳೊಂದಿಗೆ ಮಾತಾಡುತ್ತಿದ್ದುದು.

ಒಂದು ದಿನ ಪಾಠದ ನಡುವೆ ಮಕ್ಕಳನ್ನು ಕೇಳಿದೆ, ಅಕ್ಕಿ ಎಲ್ಲಿಂದ ಬರುತ್ತದೆ ಅಂತ. "ಮಿಲ್ಲಿನಿಂದ!" ಅಂದರು ಎಲ್ಲರೂ ಒಟ್ಟಿಗೆ. ಊರ ಸುತ್ತ ರೈಸ್ ಮಿಲ್ಲುಗಳೇ ತುಂಬಿರುವಾಗ ಅವರದೇನು ತಪ್ಪು? ನಗಿಸಬೇಕೆಂದು ಇದನ್ನು ಅಕ್ಕನಿಗೆ ಹೇಳಿದೆ. ಅವಳು ನಗಲಿಲ್ಲ.

"ನನ್ನ ಒಂದಿನ ಸಾಲಿಗೆ ಕರಕೊಂಡು ಹೋಗ್ರಿ ಟೀಚರಮ್ಮ. ನಾ ತೋರಸ್ತೀನಿ."

ನನಗೂ ಹುರುಪು ಬಂತು. ಹೆಡ್‌ಮಾಸ್ತರರನ್ನು ಕೇಳಿದಾಗ, ಫೈಲಿನಿಂದ ತಲೆ ಎತ್ತದೆ ಹೂಂ ಅಂದರು. ನೀರಿನ ಟಾಕಿಯ ಹಿಂದೆ ಮಂಚದಷ್ಟು ಜಾಗ ಅಗೆಸಿ ಕೆಸರು ಮಾಡಿಸಿದೆ. ಕೂಲಿ ಬಿಟ್ಟು ಅಕ್ಕ ಬಂದಳು. ಮದುವೆಗೆ ಉಡುವ ಸೀರೆ ಉಟ್ಟಿದ್ದಳು. ತಲೆಯ ಮೇಲೆ ಗೋಣಿಯಲ್ಲಿ ಸುತ್ತಿದ ಸಸಿ ಕಟ್ಟು. ಕೆಸರಿನ ಹತ್ತಿರ ಬಂದವಳೇ ಆ ಚಲೋ ಸೀರೆಯನ್ನು ಮೊಣಕಾಲಿಗೆ ಎತ್ತಿ ಕಚ್ಚೆ ಹಾಕಿ ಇಳಿದುಬಿಟ್ಟಳು.

"ಎರಡೋ ಮೂರೋ ಸಸಿ ಎಳಿ ಹಿಡೀರಿ. ಹೆಬ್ಬೆಟ್ಟಿಲೆ ಒತ್ತರಿ. ಹಿಂದಕ್ಕ ಹೆಜ್ಜಿ ಇಡ್ರಿ, ಮುಂದ ಬಂದ್ರ ಹಚ್ಚಿದ್ದನ್ನ ನೀವೇ ತುಳೀತೀರಿ."

ಮಕ್ಕಳು ಬೂಟು ಬಿಚ್ಚಿ, ಮೂರು ಮೂರು ಮಂದಿಯಂತೆ ಇಳಿದರು. ಒಬ್ಬ ಹುಡುಗಿ ಕೇಳಿದಳು, "ಬೆನ್ನು ನೋಯೋದಿಲ್ಲೇನು?"

"ನೋಯ್ತೈತಿ. ಆದ್ರ ನಡುವ ಎದ್ದು ನೆಟ್ಟಗ ನಿಲ್ಲಬಾರದವ್ವ. ನಿಂತ್ರ ಮತ್ತ ಬಗ್ಗಾಕ ಆಗಂಗಿಲ್ಲ."

ಎಷ್ಟು ಪುಸ್ತಕ ಓದಿಸಿದರೂ ಆ ಮಕ್ಕಳು ಅಷ್ಟು ಸುಮ್ಮನೆ ನಿಂತು ಕೇಳಿದ್ದನ್ನು ನಾನು ಕಂಡಿಲ್ಲ...

ಮರುದಿನ ಬೆಳಿಗ್ಗೆ ನಾಲ್ಕೈದು ಪಾಲಕರು ಬಂದರು. ಯೂನಿಫಾರ್ಮು ಹಾಳಾದದ್ದು ಅವರಿಗೆ ನೆಪ. "ನಾವು ಮಕ್ಳನ್ನ ಓದಾಕ ಕಳಿಸೀವಿ, ಕೂಲಿಯವರ ಕೈಯಾಗ ನಾಟಿ ಕಲಿಯಾಕಲ್ಲ" ಎಂದು ಒಬ್ಬರು ದನಿ ಏರಿಸಿದರು. ಹೆಡ್‌ಮಾಸ್ತರರು ಅವರೆದುರೇ ನನ್ನನ್ನು ಕರೆಸಿ ಕೇಳಿದರು, "ಆ ಹೆಣ್ಮಗಳನ್ನ ಕರಕೊಂಡು ಬಂದವರು ಯಾರು?"

ನಾನೇ ಸರ್, ನಿಮ್ಮನ್ನ ಕೇಳಿಯೇ ಕರೆದೆ... ಇಷ್ಟು ಹೇಳಿದ್ದರೆ ಸಾಕಿತ್ತು. ನಾನು ಹೇಳಿದ್ದು ಬೇರೆ. "ಅವಳೇ ಬರ್ತೀನಂತ ಗಂಟುಬಿದ್ದಳು ಸರ್. ಎದುರುಮನಿಯಾಕಿ, ಇಲ್ಲ ಅನ್ನಾಕ ಆಗಲಿಲ್ಲ."

ಮಧ್ಯಾಹ್ನವೇ ಆ ಸಸಿ ಮಡಿಯ ಮೇಲೆ ಮೊರಂ ಗರಸುಮಣ್ಣು ಸುರಿದರು. ನಿಂತು ಸುರಿಸಿದವಳು ನಾನೇ. ಬೆನ್ನುನೋವಿನ ಬಗ್ಗೆ ಕೇಳಿದ್ದ ಹುಡುಗಿ ಬಂದು, "ಆ ಅಕ್ಕ ಬಂದು ಸಸಿ ಎಲ್ಲಿ ಅಂದ್ರ ಏನು ಹೇಳೋದು ಟೀಚರ್?" ಅಂದಳು. ಒಳಗೆ ಹೋಗು ಎಂದು ಗದರಿಸಿದೆ.

ನಾಲ್ಕು ದಿನ ಬಿಟ್ಟು ಕಟ್ಟೆಯ ಮೇಲಿಂದ ಅಕ್ಕ ಕೂಗಿದಳು. "ಟೀಚರಮ್ಮ, ಸಸಿ ಬೇರು ಹಿಡದಾವೇನ್ರೀ?"

"ಹೂಂ, ಹಿಡದಾವ."

ಅಲ್ಲಿಂದ ಅದೇ ನಡೆಯಿತು. ತಿಂಗಳು ಕಳೆದ ಮೇಲೆ, ಬುಡಕ್ಕ ಮರಿ ತೆಂಡೆ ಒಡೆದಾವೇನು? ಒಡೆದಾವ. ದೀಪಾವಳಿ ಹೊತ್ತಿಗೆ, ತೆನಿ ಬಂದೈತೇನು? ಬಂದೈತಿ. ಮೊರಂ ಮೇಲೆ ಆಗಲೇ ಹೆಡ್‌ಮಾಸ್ತರರ ಮೋಟರ್‌ಸೈಕಲ್ ನಿಲ್ಲುತ್ತಿತ್ತು. ಒಮ್ಮೆ ಹೋಗಿ ನೋಡಿ ಬರುತ್ತೇನೆ ಎಂದು ಅಕ್ಕ ಅಂದಾಗ, ಪರೀಕ್ಷೆ ನಡೆದಾವ, ಹೊರಗಿನವರನ್ನ ಬಿಡಂಗಿಲ್ಲ ಅಂದೆ. ಸುಗ್ಗಿಯಲ್ಲಿ ಅವಳು ಕೇಳಿದ್ದು ಒಂದೇ. "ಮಕ್ಳು ಬೆಳೆದ ಭತ್ತ ಒಂದು ಹಿಡಿ ತಂದುಕೊಡ್ರಿ. ದೇವರ ಮುಂದ ಇಡ್ತೀನಿ."

ದಾರಿಯಲ್ಲಿದ್ದ ಮಿಲ್ಲಿನ ಮುಂದಿನ ರಾಶಿಯಿಂದ ಒಂದು ಹಿಡಿ ತೆಗೆದುಕೊಂಡೆ. ಕಾಗದದಲ್ಲಿ ಕಟ್ಟಿ ಅವಳ ಕೈಯಲ್ಲಿಟ್ಟೆ. ಬಿಚ್ಚಿದಳು. ಎರಡು ಕಾಳು ಅಂಗೈಯಲ್ಲಿ ತಿಕ್ಕಿ ಊದಿದಳು. ಸ್ವಲ್ಪ ಹೊತ್ತು ಹಾಗೇ ನೋಡಿದಳು. "ಚಲೋ ಬೆಳದಾರ್ರೀ ಮಕ್ಳು" ಎಂದು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಆಮೇಲೆ ಅವಳು ಆ ಭತ್ತದ ಮಾತು ಎತ್ತಲಿಲ್ಲ. ನನಗೆ ಬೀಸೋ ದೊಣ್ಣೆ ತಪ್ಪಿದಂತಾಗಿತ್ತು.

ತನ್ನ ಮಗಳಿಗೆ ಲಿಂಗಸುಗೂರಿನಲ್ಲಿ ನರ್ಸ್ ಕೆಲಸ ಸಿಕ್ಕ ಮೇಲೆ ಅಕ್ಕನೂ ಅಲ್ಲಿಗೇ ಹೋದಳು. ಅಲ್ಲಿಯೇ ತೀರಿಕೊಂಡಳು. ಓಣಿಯವರೆಲ್ಲ ಮಣ್ಣಿಗೆ ಹೋದರು. ನಾನು ಜ್ವರ ಅಂತ ಮಲಗಿದೆ.

ಆಟೋದಲ್ಲಿ ಆ ವಾಸನೆ ಬಂದ ಮೇಲೆ ತಡೆಯಲಾಗಲಿಲ್ಲ. ಈ ಭಾನುವಾರ ಲಿಂಗಸುಗೂರಿಗೆ ಹೋದೆ. ಮಗಳು ಚಹಾ ಕೊಟ್ಟು ಎದುರಿಗೆ ಕೂತಳು. ಮೊರಂ ಸುರಿಸಿದ್ದು, ಮಿಲ್ಲಿನ ಭತ್ತ, ಎಲ್ಲ ಹೇಳಿದೆ. ಅವಳು ಬೇಸರಪಟ್ಟಂತೆ ಕಾಣಲಿಲ್ಲ.

"ಗೊತ್ತೈತ್ರೀ" ಅಂದಳು. "ಅವತ್ತೇ ಗೊತ್ತಾಗಿತ್ತು ಅವ್ವಗ. ನಾವು ಹಚ್ಚಿದ್ದು ಸೋನಾ, ಸಣ್ಣ ಕಾಳು. ಇದು ದಪ್ಪ ಐತಿ ನೋಡು ಅಂತ ನನಗ ತೋರಿಸಿದ್ಲು. ನಾ ಹೋಗಿ ಕೇಳ್ತೀನಿ ಅಂತ ಎದ್ದೆ. ಕೈ ಹಿಡಿದು ಕುಂದರಿಸಿದ್ಲು. ಬ್ಯಾಡವ್ವ, ಕೇಳಿದ್ರ ಟೀಚರಮ್ಮಗ ನಾಚಿಕಿ ಆಕೈತಿ ಅಂದ್ಲು."

ಮಕ್ಕಳಿಗೆ ಅನ್ನದ ಪಾಠ ಹೇಳುವ ನನಗೆ ಒಂದು ಕಾಳಿಗೂ ಇನ್ನೊಂದು ಕಾಳಿಗೂ ಇರುವ ಫರಕು ತಿಳಿದಿರಲಿಲ್ಲ. ನನ್ನ ಸುಳ್ಳನ್ನು ಅವಳು ಅಷ್ಟು ವರ್ಷ ಓಣಿಯ ಯಾರಿಗೂ ಕಾಣದಂತೆ ಮುಚ್ಚಿಟ್ಟುಕೊಂಡಿದ್ದಳು. ಗೋಡೆಯ ಮೇಲೆ ಅಕ್ಕನ ಫೋಟೋ ಇತ್ತು, ಹಾರ ಹಾಕಿದ್ದರು. ಬಂದಾಗಿನಿಂದ ನಾನು ಅದಕ್ಕೆ ಬೆನ್ನು ಮಾಡಿ ಕೂತಿದ್ದೆ. ಕೈಮುಗಿಯಬೇಕೆಂದುಕೊಂಡೆ... ಆಗಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಹಾಗೇ ಹೊರಗೆ ಬಂದೆ.